ಗಾಳದ ಗಂಟು: ಹೊಸಿಲಿಗೆ ಸುತ್ತು, ಕಮಾನಿಗಲ್ಲ

ಗಾಳಕ್ಕೆ ಗಂಟು ಹಾಕುವುದನ್ನು ಕಲಿಯಲು ಕೂತು ಇವತ್ತಿಗೆ ಹನ್ನೊಂದು ದಿನ. ಮೂರು ಗಂಟು ಕೈಗೆ ಹತ್ತಿವೆ. ಅದರಲ್ಲಿ ಒಂದೇ ಒಂದು ಗಂಟು ಇಡೀ ವಾರ ನುಂಗಿತು. ಎಲ್ಲಿ ಎಡವಿದೆ ಅನ್ನುವುದು ಮರೆತುಹೋಗುವ ಮುಂಚೆ ಬರೆದಿಡುತ್ತಿದ್ದೇನೆ. ಪಳಗಿದವರಿಗೆ ಇದರಲ್ಲಿ ಹೊಸದೇನೂ ಸಿಗಲಿಕ್ಕಿಲ್ಲ.

ಮೊದಲು ಎರಡು ಹೆಸರು ಇಟ್ಟುಕೊಳ್ಳೋಣ. ದಾರವನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿದ ಮೇಲೆ ಕೈಯಲ್ಲಿ ಉಳಿಯುವ ಗಿಡ್ಡ ಭಾಗ ‘ತುದಿ’. ರೀಲಿನ ಕಡೆಗೆ ಹೋಗುವ ಉದ್ದ ಭಾಗ ‘ಮೂಲ ದಾರ’. ವಿಡಿಯೋ ನೋಡುವಾಗ ಇವೆರಡರಲ್ಲಿ ಯಾವುದನ್ನು ಎಳೆಯುತ್ತಿದ್ದಾರೆ ಅಂತ ಗಮನಿಸದಿದ್ದರೆ ಹತ್ತು ಸಲ ನೋಡಿದರೂ ಅಷ್ಟೆ. ನಾನು ಹತ್ತಕ್ಕಿಂತ ಹೆಚ್ಚೇ ನೋಡಿದ್ದೇನೆ.

ಅಭ್ಯಾಸಕ್ಕೆ ಶೂ ಲೇಸು ಮತ್ತು ಬೀಗದ ಕೈ ಗೊಂಚಲಿನ ರಿಂಗು ಸಾಕು. ಆಕಾರ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಮುಳ್ಳು ಚುಚ್ಚುವುದಿಲ್ಲ. ಆದರೆ ಲೇಸು ಒರಟು. ತಪ್ಪು ಗಂಟನ್ನೂ ಅದು ಹಿಡಿದು ನಿಲ್ಲಿಸಿಬಿಡುತ್ತದೆ. ನಾಲ್ಕು ದಿನ ‘ಬಂತು, ಬಂತು’ ಅಂತ ಹಿಗ್ಗಿದ ಮೇಲೆ ತಂಗೂಸಿ, ಅಂದರೆ ಗಾಳಕ್ಕೆ ಬಳಸುವ ಒಂಟಿ ಎಳೆಯ ನೈಲಾನ್ ದಾರ, ತೆಗೆದುಕೊಂಡು ಅದನ್ನೇ ಹಾಕಿದರೆ, ಒಂದು ಎಳೆತಕ್ಕೆ ಗಂಟು ಕರಗಿ ಹೋಯಿತು. ಹಾಗಾಗಿ ಆಕಾರ ಲೇಸಿನಲ್ಲಿ ಕಲಿಯಿರಿ, ತೀರ್ಪು ಮಾತ್ರ ತಂಗೂಸಿಯಿಂದ ತೆಗೆದುಕೊಳ್ಳಿ.

ಕ್ಲಿಂಚ್

ಇದು ಸುಲಭ, ಬೇಗ ಮುಗಿಸುತ್ತೇನೆ. ಕಣ್ಣಿನಲ್ಲಿ ತೂರಿಸಿ, ತುದಿಯನ್ನು ಮೂಲ ದಾರಕ್ಕೆ ಐದಾರು ಸುತ್ತು ಸುತ್ತಿ, ವಾಪಸ್ ತಂದು ಕಣ್ಣಿನ ಪಕ್ಕದ ಪುಟ್ಟ ಕುಣಿಕೆಯಲ್ಲಿ ಹಾಯಿಸಬೇಕು. ಹಾಗೆ ಹಾಯಿಸಿದಾಗ ಹೊಸದಾಗಿ ಒಂದು ದೊಡ್ಡ ಕುಣಿಕೆ ಹುಟ್ಟುತ್ತದಲ್ಲ, ಅದರೊಳಗೂ ಒಮ್ಮೆ ಹಾಯಿಸಿದರೆ ‘ಇಂಪ್ರೂವ್ಡ್ ಕ್ಲಿಂಚ್’. ತೆಳು ತಂಗೂಸಿಗೆ ಚೆನ್ನ. ದಪ್ಪ ದಾರದಲ್ಲಿ ಸುತ್ತುಗಳು ಸರಿಯಾಗಿ ಕೂರುವುದಿಲ್ಲ. ಹೆಣೆದ ದಾರ, ಅಂದರೆ ಬ್ರೇಡ್, ನುಣುಪಾದ್ದರಿಂದ ಇದರಲ್ಲಿ ಜಾರುತ್ತದೆ.

ಪಾಲೋಮರ್

ಬ್ರೇಡ್‌ಗೆ ಇದೇ ಸರಿ. ದಾರವನ್ನು ಜೋಡಿಯಾಗಿ ಮಡಚಿ, ಮಡಿಕೆಯನ್ನು ಕಣ್ಣಿನಲ್ಲಿ ತೂರಿಸಿ, ಆ ಜೋಡಿ ದಾರದಿಂದಲೇ ಒಂದು ಸಾದಾ ಗಂಟು ಸಡಿಲವಾಗಿ ಹಾಕಿ, ಮಡಿಕೆಯ ಕುಣಿಕೆಯೊಳಗಿಂದ ಇಡೀ ಕೊಕ್ಕೆಯನ್ನು ದಾಟಿಸುವುದು. ಆಮೇಲೆ ತುದಿ ಮತ್ತು ಮೂಲ ದಾರ ಎರಡನ್ನೂ ಒಟ್ಟಿಗೆ ಎಳೆಯಬೇಕು. ಜೋಡಿ ಎಳೆಗಳು ಒಂದರ ಮೇಲೊಂದು ಅಡ್ಡ ಹತ್ತದೆ ಪಕ್ಕಪಕ್ಕ ಮಲಗಿರಲಿ. ಕೊಕ್ಕೆ ದಾಟಬೇಕಾದ್ದರಿಂದ ಕುಣಿಕೆ ದೊಡ್ಡದಾಗಿಯೇ ಬೇಕು. ದಾರ ಉಳಿಸಲು ಹೋಗಿ ಚಿಕ್ಕದು ಮಾಡಿದರೆ ಮತ್ತೆ ಮೊದಲಿಂದ.

ಯೂನಿ: ನನ್ನ ವಾರ ನುಂಗಿದ್ದು

ಇದಕ್ಕೆ ಗ್ರಿನ್ನರ್ ಅಂತಲೂ ಹೆಸರುಂಟು. ಅದು ಗೊತ್ತಿಲ್ಲದೆ ಎರಡು ಬೇರೆ ಗಂಟು ಅಂದುಕೊಂಡು ಎರಡು ಸಂಜೆ ಒಂದನ್ನೇ ಕಲಿತೆ, ಎರಡು ಸಲವೂ ತಪ್ಪಾಗಿ.

ಹೇಳುವುದಾದರೆ ನಾಲ್ಕೇ ಮಾತು. ಕಣ್ಣಿನಲ್ಲಿ ತೂರಿಸಿದ ದಾರವನ್ನು ಸುಮಾರು 15 ಸೆಂ.ಮೀ. ಆಚೆ ಎಳೆದುಕೊಂಡು ಮೂಲ ದಾರದ ಪಕ್ಕಕ್ಕೇ ಹಿಡಿಯಿರಿ. ಈಗ ಅಕ್ಕಪಕ್ಕ ಎರಡು ಎಳೆ. ತುದಿಯನ್ನು ಕೊಕ್ಕೆಯ ಕಡೆಗೆ ಹಿಂದಿರುಗಿಸಿ ಆ ಎರಡು ಎಳೆಗಳ ಮೇಲೆ ಅಡ್ಡ ಇಟ್ಟರೆ ಒಂದು ಕುಣಿಕೆಯಾಗುತ್ತದೆ. ಆ ತುದಿಯಿಂದ ಎರಡೂ ಎಳೆಗಳನ್ನು ಸೇರಿಸಿ, ಪ್ರತಿ ಸಲವೂ ಕುಣಿಕೆಯ ಒಳಗಿಂದ ಹಾಯಿಸುತ್ತಾ, ಐದಾರು ಸುತ್ತು.

‘ಕುಣಿಕೆಯ ಒಳಗಿಂದ’ ಅನ್ನುವ ಆ ಒಂದು ಪದ ನನಗೆ ತಲೆಗೆ ಹೋಗಲಿಲ್ಲ. ನಾನು ಮಾಡುತ್ತಿದ್ದುದು ಏನೆಂದರೆ, ಕೈಗೆ ಸಿಕ್ಕಿದ್ದನ್ನೆಲ್ಲ ಸೇರಿಸಿ ಸುತ್ತುವುದು. ಎರಡು ಎಳೆಯ ಜೊತೆಗೆ ತಿರುಗಿ ಬಂದ ಮೂರನೆಯ ಎಳೆಯೂ ಸುತ್ತಿನೊಳಗೆ ಸೇರಿಬಿಡುತ್ತಿತ್ತು. ನೋಡಲು ಥೇಟ್ ವಿಡಿಯೋದಲ್ಲಿದ್ದಂತೆ ಸಾಲಾಗಿ ಸುರುಳಿ. ತುದಿ ಎಳೆದರೆ ಸುರುಳಿ ಬಿಚ್ಚಿಕೊಂಡು ನೇರ ದಾರ ಕೈಗೆ ಬರುತ್ತಿತ್ತು.

ಕೊನೆಗೆ ಒಂದು ಬಿಳಿ ಹತ್ತಿ ಹುರಿ ತೆಗೆದುಕೊಂಡು, ತುದಿಯ ಕಡೆಯ ಅರ್ಧಕ್ಕೆ ಸ್ಕೆಚ್ ಪೆನ್ನಿನಿಂದ ಕೆಂಪು ಬಳಿದೆ. ಕುಣಿಕೆ ಮಾಡಿ ಮೇಜಿನ ಮೇಲೆ ಚಪ್ಪಟೆಯಾಗಿ ಮಲಗಿಸಿದೆ. ಆಗ ಅದು ಬಾಗಿಲಿನ ಹಾಗೆ ಕಂಡಿತು. ಕೆಳಗೆ ಪಕ್ಕಪಕ್ಕ ಮಲಗಿದ ಎರಡು ಎಳೆ ಹೊಸಿಲು. ಮೇಲೆ ಬಾಗಿ ಬಂದ ಕೆಂಪು ಎಳೆ ಕಮಾನು. ನಡುವೆ ಖಾಲಿ ಜಾಗ, ಅದೇ ಬಾಗಿಲು. ಸುತ್ತಬೇಕಾದ್ದು ಹೊಸಿಲಿಗೆ ಮಾತ್ರ. ತುದಿ ಹೊಸಿಲಿನ ಅಡಿಯಿಂದ ಬಂದು, ಬಾಗಿಲಲ್ಲಿ ತೂರಿ, ಮತ್ತೆ ಹೊಸಿಲಿನ ಅಡಿಗೆ ಹೋಗಬೇಕು. ಕಮಾನನ್ನೂ ಸೇರಿಸಿ ಸುತ್ತಿದರೆ ಬಾಗಿಲೇ ಮುಚ್ಚಿಹೋಗುತ್ತದೆ. ನಾನು ವಾರವಿಡೀ ಬಾಗಿಲು ಮುಚ್ಚುತ್ತಿದ್ದೆ!

ಈಗ ಪ್ರತಿ ಸುತ್ತಾದ ಮೇಲೂ ಒಂದು ಕ್ಷಣ ನಿಂತು, ಬಾಗಿಲಲ್ಲಿ ಕಿರುಬೆರಳು ತೂರುತ್ತದೆಯೇ ಅಂತ ನೋಡುತ್ತೇನೆ. ತೂರಿದರೆ ಮುಂದಿನ ಸುತ್ತು. ತಂಗೂಸಿಯಲ್ಲಿ ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಗೊತ್ತಾಗುತ್ತದೆ. ಸುತ್ತು ಮುಗಿದು ತುದಿಯನ್ನು ಮೆಲ್ಲಗೆ ಎಳೆದಾಗ ಕಮಾನು ಕಿರಿದಾಗುತ್ತಾ ಸುರುಳಿಗೆ ಬಂದು ಅಂಟಿಕೊಳ್ಳಬೇಕು. ಅದು ಕುಗ್ಗುವುದು ಕಂಡರೆ ಗಂಟು ಸರಿಯಿದೆ ಅಂತಲೇ ಲೆಕ್ಕ.

ಇನ್ನು ಎಳೆಯುವ ಕ್ರಮ. ಮೊದಲು ತುದಿ, ಆಮೇಲೆ ಮೂಲ ದಾರ. ತುದಿ ಎಳೆದರೆ ಸುರುಳಿ ಬಿಗಿಯಾಗುತ್ತದೆ, ಮೂಲ ದಾರ ಎಳೆದರೆ ಆ ಬಿಗಿದ ಸುರುಳಿ ಜಾರಿ ಕಣ್ಣಿನ ಹತ್ತಿರ ಹೋಗಿ ಕೂರುತ್ತದೆ. ಅವಸರಕ್ಕೆ ಮೂಲ ದಾರವನ್ನೇ ಮೊದಲು ಎಳೆದರೆ ಸಡಿಲ ಸುರುಳಿ ಕಣ್ಣಿಗೆ ಬಡಿದು ಸುತ್ತುಗಳು ಒಂದರ ಮೇಲೊಂದು ಹತ್ತುತ್ತವೆ. ಹಾಗಾದರೆ ಸರಿಮಾಡಲು ಹೋಗಬೇಡಿ, ಕತ್ತರಿಸಿ ಹೊಸದು ಹಾಕಿ.

ಎಂಜಲು

ಮೂರೂ ಗಂಟಿಗೆ ಇದು ಸಮಾನ. ಬಿಗಿಸುವ ಮುಂಚೆ ಗಂಟನ್ನು ಬಾಯಲ್ಲಿ ಒದ್ದೆ ಮಾಡಬೇಕು, ನೀರಾದರೂ ಆದೀತು. ಒಣ ತಂಗೂಸಿಯನ್ನು ಸರ್ರನೆ ಎಳೆದರೆ ಸುತ್ತುಗಳು ತಮ್ಮಲ್ಲೇ ಉಜ್ಜಿ ಬಿಸಿಯಾಗಿ ದಾರ ಕೆಡುತ್ತದೆ. ಗಂಟಿನ ಹತ್ತಿರ ದಾರ ಬೆಳ್ಳಗಾಗಿದ್ದರೆ, ಗುಂಗುರಾಗಿದ್ದರೆ ಆ ಭಾಗವನ್ನು ನಂಬಬೇಡಿ. ಒದ್ದೆ ಮಾಡಿ, ನಿಧಾನ, ಒಂದೇ ಸಮನೆ ಎಳೆತ. ತುದಿಯನ್ನು 2–3 ಮಿ.ಮೀ. ಬಿಟ್ಟು ಉಗುರು ಕಟರಿನಿಂದ ಕತ್ತರಿಸುತ್ತೇನೆ. ತೀರಾ ಬುಡಕ್ಕೆ ಕತ್ತರಿಸಿದರೆ ಸ್ವಲ್ಪ ಜಾರಿದರೂ ಗಂಟು ಹೋಯಿತು. ಹಲ್ಲಿನಿಂದ ಕಚ್ಚುವುದು ಬೇಡ, ಹಲ್ಲಿಗೇ ಪೆಟ್ಟು.

ಹೋದ ಗಂಟು ಏನು ಹೇಳುತ್ತದೆ

ಪರೀಕ್ಷೆಗೆ ಕೊಕ್ಕೆಯ ಬದಲು ರಿಂಗಿಗೆ ಕಟ್ಟಿ, ದಾರವನ್ನು ದಪ್ಪ ಬಟ್ಟೆಗೆ ಸುತ್ತಿಕೊಂಡು ಎಳೆಯಿರಿ. ಬರಿಗೈಯಲ್ಲಿ ಎಳೆದರೆ ಬ್ರೇಡ್ ಚರ್ಮ ಸೀಳುತ್ತದೆ. ಗಂಟು ಸೋತಾಗ ಎಸೆಯುವ ಮುಂಚೆ ದಾರದ ತುದಿ ನೋಡಿ. ಹಂದಿಬಾಲದ ಹಾಗೆ ಸುರುಳಿ ಸುರುಳಿಯಾಗಿದ್ದರೆ ಅದು ತುಂಡಾಗಿಲ್ಲ, ಜಾರಿದೆ. ಅಂದರೆ ಸುತ್ತು ಕಡಿಮೆಯಾಯಿತು ಅಥವಾ ಬಿಗಿ ಸಾಲಲಿಲ್ಲ. ಸುರುಳಿಯಿಲ್ಲದೆ ಪಟ್ಟನೆ ತುಂಡಾಗಿದ್ದರೆ ಒಣದಾಗಿ ಎಳೆದಿರಬಹುದು, ದಾರಕ್ಕೆ ಮೊದಲೇ ಗೀರು ಬಿದ್ದಿರಬಹುದು, ಅಥವಾ ದಾರದ ತಾಕತ್ತೇ ಅಷ್ಟಿರಬಹುದು. ನನ್ನ ಮೊದಲ ಇಪ್ಪತ್ತರಲ್ಲಿ ಹದಿನಾರು ಹಂದಿಬಾಲ.

ಇನ್ನೂ ಬಾಕಿ

ಎರಡು ದಾರ ಸೇರಿಸುವ ಡಬಲ್ ಯೂನಿ ಇನ್ನೂ ಅರ್ಧಕ್ಕೇ ನಿಂತಿದೆ. ಅದು ಎದುರುಬದುರು ಎರಡು ಯೂನಿ ಅಷ್ಟೆ. ಬಲಗಡೆಯದು ಬರುತ್ತದೆ, ಎಡಗಡೆಯದು ಕನ್ನಡಿಯಲ್ಲಿ ನೋಡಿದ ಹಾಗೆ ತಲೆಕೆಳಗಾಗಿ ಮತ್ತೆ ಬಾಗಿಲು ಮುಚ್ಚುತ್ತೇನೆ. ನಿನ್ನೆಯಿಂದ ಒಂದು ಅಡ್ಡದಾರಿ ಹಿಡಿದಿದ್ದೇನೆ. ಬಲಗಡೆಯದು ಮುಗಿದ ಕೂಡಲೇ ಕೈಯಲ್ಲಿರುವುದನ್ನೆಲ್ಲ ಹಾಗೇ ಅರ್ಧ ಸುತ್ತು ತಿರುಗಿಸಿ ಹಿಡಿಯುವುದು. ಆಗ ಎಡಗಡೆಯದೂ ಬಲಗಡೆಗೇ ಬರುತ್ತದೆ. ತಂಗೂಸಿಗೆ ತಂಗೂಸಿ ಸೇರಿಸಿದಾಗ ಐದೈದು ಸುತ್ತಿಗೆ ನಿಂತಿತು. ಬ್ರೇಡ್ ಕಡೆಗೆ ಐದು ಸಾಲದೆ ಜಾರಿತು, ಎಂಟಕ್ಕೆ ಏರಿಸಿದ ಮೇಲೆ ಮೂರರಲ್ಲಿ ಎರಡು ಸಲ ಹಿಡಿದಿದೆ.