ಮನೆ ತುಂಬ ಜನ ಇರುವಾಗ ಗೆಳೆಯರು ಬೇರೆ ಯಾಕೆ?

ಪ್ರಶ್ನೆ: ನನಗೆ 44 ವರ್ಷ. ಹೆಂಡತಿ, ಇಬ್ಬರು ಮಕ್ಕಳು, ಅಪ್ಪ ಅಮ್ಮ, ಅಣ್ಣ ಅತ್ತಿಗೆ ಎಲ್ಲರೂ ಇದ್ದಾರೆ. ಕಾಲೇಜಿನ ಗೆಳೆಯರ ಜೊತೆ ಜಗಳವೇನೂ ಆಗಿಲ್ಲ, ಮಾತು ನಿಂತುಹೋಗಿದೆ ಅಷ್ಟೇ. ವಾಟ್ಸಾಪ್ ಗ್ರೂಪಿನಲ್ಲಿ ಹುಟ್ಟುಹಬ್ಬದ ಶುಭಾಶಯ ಬಿಟ್ಟರೆ ಬೇರೇನಿಲ್ಲ. ಈ ವಯಸ್ಸಿನಲ್ಲಿ ಸ್ನೇಹಿತರಿಂದ ನಿಜವಾಗಿ ಏನಾದರೂ ಉಪಯೋಗ ಇದೆಯಾ? ಮನೆಯವರು ಸಾಲದಾ?

ಉತ್ತರ: ಇದೇ ಪ್ರಶ್ನೆಯನ್ನು ಹೆಂಗಸರೂ ಕೇಳುತ್ತಾರೆ, ಕೇಳುವ ರೀತಿ ಸ್ವಲ್ಪ ಬೇರೆ. ಮದುವೆಯಾಗಿ ಊರು ಬಿಟ್ಟೆ, ಫೋನ್ ನಂಬರ್ ಬದಲಾಯಿತು, ಗೆಳತಿಯರು ಎಲ್ಲಿದ್ದಾರೋ ಗೊತ್ತಿಲ್ಲ ಅಂತ. ನಲವತ್ತರ ಹೊತ್ತಿಗೆ ಸ್ನೇಹ ಜಗಳದಿಂದ ಮುರಿಯುವುದು ಕಡಿಮೆ. ಅವನೇ ಫೋನ್ ಮಾಡಲಿ ಅಂತ ಇವನು, ಇವನೇ ಮಾಡಲಿ ಅಂತ ಅವನು ಕಾಯುತ್ತಾ, ಸುಮ್ನೆ ನಿಂತುಹೋಗುವುದೇ ಜಾಸ್ತಿ.

ನಿಮ್ಮ ಎರಡನೇ ಪ್ರಶ್ನೆಯನ್ನೇ ಮೊದಲು ನೋಡೋಣ. ಮನೆಯವರು ಸಾಲದಾ? ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 70 ದಾಟಿದ ಸುಮಾರು 1,500 ಜನರನ್ನು ಹತ್ತು ವರ್ಷ ಗಮನಿಸಿ ಒಂದು ಅಧ್ಯಯನ ಮಾಡಿದರು. ಅದು 2005ರಲ್ಲಿ ಪ್ರಕಟವಾಯಿತು. ಗೆಳೆಯರ ಬಳಗ ಗಟ್ಟಿಯಾಗಿದ್ದವರು ಹೆಚ್ಚು ಕಾಲ ಬದುಕಿದ್ದರು. ಮಕ್ಕಳ ಜೊತೆ, ನೆಂಟರ ಜೊತೆ ಒಡನಾಟ ಎಷ್ಟಿತ್ತು ಅನ್ನುವುದರಿಂದ ಆಯಸ್ಸಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಕ್ಕಳನ್ನು ಸಾಕಿ ಬೆಳೆಸಿದವರಿಗೆ ಇದು ಸ್ವಲ್ಪ ಬೇಜಾರಿನ ಸುದ್ದಿಯೇ.

ಆದರೆ ಯೋಚಿಸಿ ನೋಡಿ. ಮನೆಯಲ್ಲಿ ನಾವು ಎಷ್ಟೋ ವಿಷಯ ಮುಚ್ಚಿಡುತ್ತೇವೆ. ಎದೆ ಹಿಡಿದಂತಾದರೆ ಹೆಂಡತಿ ಗಾಬರಿಯಾಗುತ್ತಾಳೆ ಅಂತ ಹೇಳುವುದಿಲ್ಲ. ಕೆಲಸ ಹೋಗಬಹುದು ಅನ್ನುವ ಭಯವನ್ನು ಅಪ್ಪನಿಗೆ ಹೇಳಿದರೆ ಅವರಿಗೆ ನಿದ್ದೆ ಬರುವುದಿಲ್ಲ. ಮಗನ ಚಿಂತೆಯನ್ನು ಅತ್ತಿಗೆಯ ಹತ್ತಿರ ಹೇಳಿಕೊಂಡರೆ ಸಂಜೆಯೊಳಗೆ ನೆಂಟರಿಗೆಲ್ಲ ಗೊತ್ತು. ಗೆಳೆಯನ ಹತ್ತಿರ ಈ ತಾಪತ್ರಯ ಇಲ್ಲ. ನಿಮ್ಮ ಸಂಬಳ, ಸಾಲ, ಆಸ್ತಿ ಯಾವುದರಲ್ಲೂ ಅವನಿಗೆ ಪಾಲಿಲ್ಲ. "ಎದೆ ನೋವು ಅಂತ ಈಗ ಹೇಳ್ತೀಯಲ್ಲೋ, ಎದ್ದೇಳು, ಗಾಡಿ ತರ್ತೀನಿ" ಅಂತ ಬೈದು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾನೆ. ಸ್ನೇಹದಿಂದ ಆಯಸ್ಸು ಹೆಚ್ಚುತ್ತದೆ ಅನ್ನುವುದರ ಹಿಂದೆ ಇಂಥ ಸಾದಾ ಕಾರಣಗಳೂ ಇವೆ ಅಂತ ನನ್ನ ನಂಬಿಕೆ.

ಇನ್ನೂ ದೊಡ್ಡ ಲೆಕ್ಕ ಬೇಕೆಂದರೆ ಅದೂ ಇದೆ. ಜೂಲಿಯನ್ ಹೋಲ್ಟ್-ಲನ್‌ಸ್ಟಾಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಗಾರರು 2010ರಲ್ಲಿ 148 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದರು. ಅದರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಇತ್ತು. ಸರಾಸರಿ ಏಳೂವರೆ ವರ್ಷದಲ್ಲಿ, ಜನರ ಒಡನಾಟ ಚೆನ್ನಾಗಿದ್ದವರು ಬದುಕುಳಿಯುವ ಸಾಧ್ಯತೆ ಉಳಿದವರಿಗಿಂತ ಶೇ 50ರಷ್ಟು ಜಾಸ್ತಿ ಇತ್ತು. ಇದರಲ್ಲಿ ಗೆಳೆಯರು ಮಾತ್ರವಲ್ಲ, ಎಲ್ಲ ಥರದ ಸಂಬಂಧಗಳೂ ಸೇರಿವೆ.

ಇಲ್ಲೊಂದು ಅನುಮಾನ ಬರಬೇಕು. ಆರೋಗ್ಯ ಚೆನ್ನಾಗಿರುವವರೇ ಅಲ್ಲವೇ ಹೊರಗೆ ಓಡಾಡಿಕೊಂಡು ಗೆಳೆಯರ ಜೊತೆ ಇರುವುದು? ಕಾಯಿಲೆಯವರು ಮನೆ ಹಿಡಿಯುತ್ತಾರೆ. ಹಾಗಾದರೆ ಯಾವುದು ಕಾರಣ, ಯಾವುದು ಪರಿಣಾಮ? ಈ ಗಂಟನ್ನು ಸ್ವಲ್ಪ ಬಿಡಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಶೆಲ್ಡನ್ ಕೋಹೆನ್. 1997ರಲ್ಲಿ ಅವರ ತಂಡ ಆರೋಗ್ಯವಾಗಿದ್ದ 276 ಜನರನ್ನು ಕರೆದು, ಒಪ್ಪಿಗೆ ಪಡೆದು, ಮೂಗಿಗೆ ನೆಗಡಿ ವೈರಸ್ಸಿನ ಹನಿ ಹಾಕಿತು. ಆಮೇಲೆ ಅವರನ್ನು ಪ್ರತ್ಯೇಕವಾಗಿಟ್ಟು, ಯಾರಿಗೆ ನೆಗಡಿ ಬರುತ್ತದೆ ಅಂತ ಕಾಯಿತು. ಎಲ್ಲರಿಗೂ ವೈರಸ್ ಕೊಟ್ಟಿದ್ದರೂ ನೆಗಡಿ ಎಲ್ಲರಿಗೂ ಬರಲಿಲ್ಲ. ಮೂರು ಅಥವಾ ಅದಕ್ಕಿಂತ ಕಡಿಮೆ ಬಗೆಯ ಒಡನಾಟ ಇದ್ದವರಿಗೆ, ಆರು ಅಥವಾ ಅದಕ್ಕಿಂತ ಹೆಚ್ಚು ಬಗೆ ಇದ್ದವರಿಗಿಂತ, ನೆಗಡಿ ಬರುವ ಸಂಭವ ನಾಲ್ಕು ಪಟ್ಟಿಗೂ ಮೀರಿತ್ತು. ಜನ ಎಷ್ಟು ಅನ್ನುವುದಕ್ಕಿಂತ ಬಗೆ ಎಷ್ಟು ಅನ್ನುವುದು ಇಲ್ಲಿ ಮುಖ್ಯವಾಗಿತ್ತು. ಗಂಡ ಹೆಂಡತಿ ಒಂದು ಬಗೆ, ಅಪ್ಪ ಅಮ್ಮ ಒಂದು, ಗೆಳೆಯರು ಒಂದು, ಅಕ್ಕಪಕ್ಕದವರು ಒಂದು, ಕೆಲಸದ ಕಡೆಯವರು ಒಂದು, ಸಂಘದವರು ಒಂದು. ಅಂದರೆ ನಿಮ್ಮ ತುಂಬಿದ ಮನೆಗೂ ಬೆಲೆ ಇದೆ. ಆದರೆ ಅದರಲ್ಲಿ ಗೆಳೆಯರ ಖಾನೆ ಖಾಲಿ.

2023ರಲ್ಲಿ ಅಮೆರಿಕದ ಆಗಿನ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಹಿರಿಯ ವೈದ್ಯ, ವಿವೇಕ್ ಮೂರ್ತಿ ಒಂಟಿತನದ ಬಗ್ಗೆ ಇಡೀ ದೇಶಕ್ಕೆ ಎಚ್ಚರಿಕೆ ಹೊರಡಿಸಿದರು. ಅವರ ಕುಟುಂಬ ಮೂಲತಃ ಮಂಡ್ಯ ಜಿಲ್ಲೆಯ ಹಲ್ಲೇಗೆರೆಯದು. ಯಾರ ಒಡನಾಟವೂ ಇಲ್ಲದೆ ಬದುಕುವುದು ದಿನಕ್ಕೆ 15 ಸಿಗರೇಟ್ ಸೇದಿದಷ್ಟು ಜೀವಕ್ಕೆ ಅಪಾಯ ತರಬಲ್ಲದು ಅಂತ ಆ ವರದಿಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯೂ 2025ರಲ್ಲಿ, ಜಗತ್ತಿನ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಅಂದಿತು.

ಇಷ್ಟೆಲ್ಲ ಗೆಳೆಯರಿಂದ ಏನು ಸಿಗುತ್ತದೆ ಅನ್ನುವ ಮಾತಾಯಿತು. ನೀವು ಕೇಳದೇ ಬಿಟ್ಟ ಭಾಗವೇ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ನೀವು ಗೆಳೆಯರಾಗಿ ಏನು ಕೊಡುತ್ತೀರಿ? ಅಮೆರಿಕದ ಮಿಷಿಗನ್‌ನಲ್ಲಿ 423 ವಯಸ್ಸಾದ ದಂಪತಿಗಳನ್ನು ಐದು ವರ್ಷ ಗಮನಿಸಿ, ಸ್ಟೆಫನಿ ಬ್ರೌನ್ ಮತ್ತು ಜೊತೆಗಾರರು 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಗೆಳೆಯರಿಗೆ, ನೆಂಟರಿಗೆ, ನೆರೆಯವರಿಗೆ ಕೈಯಾಸರೆ ಆಗುತ್ತಿದ್ದವರಲ್ಲಿ ಆ ಐದು ವರ್ಷದಲ್ಲಿ ಸಾವು ಕಡಿಮೆ ಇತ್ತು. ಸಹಾಯ ಪಡೆಯುತ್ತಿದ್ದವರಿಗೆ ಆ ಲಾಭ ಕಾಣಲಿಲ್ಲ. ಸಹಾಯ ಅಂದರೆ ಭಾರಿ ತ್ಯಾಗವೇನಲ್ಲ. ಗಾಡಿಯಲ್ಲಿ ಬಿಟ್ಟುಬರುವುದು, ಅಂಗಡಿಯಿಂದ ಸಾಮಾನು ತಂದುಕೊಡುವುದು, ಮಕ್ಕಳನ್ನು ಒಂದಿಷ್ಟು ಹೊತ್ತು ನೋಡಿಕೊಳ್ಳುವುದು. ಆದ್ದರಿಂದ "ನನಗೆ ಯಾರ ಸಹಾಯವೂ ಬೇಕಿಲ್ಲ, ಹಾಗಾಗಿ ಗೆಳೆಯರೂ ಬೇಕಿಲ್ಲ" ಅನ್ನುವ ವಾದ ನಿಲ್ಲುವುದಿಲ್ಲ. ನಿಮ್ಮ ಸಹಾಯ ಬೇಕಾದವರು ಇದ್ದರೂ ನಿಮಗೇ ಒಳ್ಳೆಯದು.

ಹಾಗಂತ ಎಲ್ಲ ಗೆಳೆಯರೂ ಆರೋಗ್ಯಕ್ಕೆ ಒಳ್ಳೆಯವರಲ್ಲ. ಹೋಲ್ಟ್-ಲನ್‌ಸ್ಟಾಡ್ ಮತ್ತು ಬರ್ಟ್ ಉಚಿನೋ ತಂಡ, ದಿನವಿಡೀ ಬಿಪಿ ಅಳೆಯುವ ಯಂತ್ರ ಕಟ್ಟಿಕೊಂಡು ಓಡಾಡಿದವರ ಮೇಲೆ ಒಂದು ಅಧ್ಯಯನ ಮಾಡಿತ್ತು. ಒಮ್ಮೆ ಪ್ರೀತಿ, ಒಮ್ಮೆ ಚುಚ್ಚುಮಾತು ಅನ್ನುವಂಥವರ ಜೊತೆ ಇದ್ದಾಗ ಬಿಪಿ ಏರಿತ್ತು. ನಾಲ್ಕು ಜನರೆದುರು ನಿಮ್ಮ ಕಾಲೆಳೆದು, ಆಮೇಲೆ "ತಮಾಷೆಗೆ ಅಂದೆ ಕಣೋ" ಅನ್ನುವವನು ನಿಮಗೆ ಗೊತ್ತೇ ಇರುತ್ತಾನೆ. ನಿಮ್ಮ ತಪ್ಪನ್ನು ಒಬ್ಬರೇ ಇದ್ದಾಗ ಹೇಳುವವನು, ಎಲ್ಲರೆದುರು ಬಿಟ್ಟುಕೊಡದವನು ಒಳ್ಳೆಯ ಗೆಳೆಯ. ನಿಮಗೆ ಬಡ್ತಿ ಸಿಕ್ಕಿದಾಗ ಅವನ ಮುಖ ನೋಡಿ. ಕಷ್ಟದಲ್ಲಿ ಬರುವವರು ಸಿಗುತ್ತಾರೆ, ಖುಷಿಯಲ್ಲಿ ಹೊಟ್ಟೆಕಿಚ್ಚಿಲ್ಲದೆ ಬರುವವರು ಅಪರೂಪ. ದುಡ್ಡಿನ ವಿಷಯ ಬಂದರೆ, ವಾಪಸ್ ಬರದಿದ್ದರೂ ಪರವಾಗಿಲ್ಲ ಅನ್ನುವಷ್ಟೇ ಕೈಗಡ ಕೊಡಿ. ಸಾಲಕ್ಕೆ ಜಾಮೀನು ಸಹಿ ಕೇಳಿದರೆ ಮನೆಯಲ್ಲಿ ಹೇಳದೆ ಹಾಕಬೇಡಿ. ಇಲ್ಲ ಅಂದಿದ್ದಕ್ಕೆ ಮುರಿದ ಸ್ನೇಹಕ್ಕಿಂತ, ಹೂಂ ಅಂದು ಕಂತು ಕಟ್ಟುತ್ತಾ ಕೂತ ಸ್ನೇಹ ಹೆಚ್ಚು ಕಹಿ.

ಈಗ ಏನು ಮಾಡಬೇಕು? ಫೋನ್ ಮಾಡಿ. ಇಷ್ಟು ವರ್ಷ ಆದ ಮೇಲೆ ಏನಂದುಕೊಳ್ಳುತ್ತಾನೋ ಅನ್ನುವ ಹಿಂಜರಿಕೆ ಎಲ್ಲರಿಗೂ ಇರುತ್ತದೆ. 2022ರಲ್ಲಿ ಪ್ರಕಟವಾದ ಪೆಗಿ ಲಿಯು ಅವರ ಸಂಶೋಧನೆ ಇದರ ಬಗ್ಗೆಯೇ ಇದೆ. ಹೀಗೆ ಸುಮ್ನೆ ಮಾತಾಡಿಸಿದರೆ ಆ ಕಡೆಯವರಿಗೆ ಎಷ್ಟು ಖುಷಿಯಾಗುತ್ತದೆ ಅನ್ನುವುದನ್ನು ಜನ ಕಡಿಮೆಯೇ ಅಂದಾಜು ಮಾಡುತ್ತಾರೆ. ಅದೂ ನಿರೀಕ್ಷೆ ಇಲ್ಲದಾಗ ಮಾತಾಡಿಸಿದರೆ ಖುಷಿ ಇನ್ನೂ ಜಾಸ್ತಿ. ಗ್ರೂಪಿನಲ್ಲಿ "ಹಾಯ್ ಆಲ್" ಹಾಕಬೇಡಿ, ಒಬ್ಬನನ್ನು ಆರಿಸಿಕೊಳ್ಳಿ. ಇಷ್ಟು ದಿನ ಯಾಕೆ ಮಾಡಲಿಲ್ಲ ಅನ್ನುವ ಪುರಾಣ ಬೇಡ. "ಅಮ್ಮನ ಮಂಡಿ ನೋವು ಹೇಗಿದೆ?" ಅಂತ ಅವನದೇ ವಿಷಯ ಎತ್ತಿ. ಅವನು ಫೋನ್ ಎತ್ತದಿದ್ದರೆ ಒಂದು ವಾಯ್ಸ್ ಮೆಸೇಜ್ ಬಿಡಿ. ಎರಡು ಮೂರು ಸಲವೂ ಉತ್ತರ ಬರದಿದ್ದರೆ ಪಟ್ಟಿಯಲ್ಲಿ ಮುಂದಿನವನಿಗೆ ಹೋಗಿ, ಅದರಲ್ಲಿ ಅವಮಾನ ಏನಿಲ್ಲ.

ಹಳೆಯ ಗೆಳೆಯನನ್ನೇ ಮೊದಲು ಹುಡುಕಿ ಅನ್ನುವುದಕ್ಕೆ ಕಾರಣ ಇದೆ. ಜೆಫ್ರಿ ಹಾಲ್ ಎಂಬ ಅಮೆರಿಕದ ಪ್ರಾಧ್ಯಾಪಕರ ಅಂದಾಜಿನ ಪ್ರಕಾರ, ಪರಿಚಯ ಸ್ವಲ್ಪ ಸ್ನೇಹವಾಗಲು ಸುಮಾರು 50 ಗಂಟೆ, ಸ್ನೇಹ ಅನ್ನಿಸಲು 90, ಆಪ್ತರಾಗಲು 200ಕ್ಕೂ ಹೆಚ್ಚು ಗಂಟೆ ಜೊತೆಯಲ್ಲಿ ಕಳೆಯಬೇಕು. ಆಫೀಸಿನಲ್ಲಿ ಪಕ್ಕದಲ್ಲಿ ಕೂತು ಕೆಲಸ ಮಾಡಿದ ಗಂಟೆಗಳು ಅಷ್ಟು ಲೆಕ್ಕಕ್ಕೆ ಬರುವುದಿಲ್ಲ, ಹರಟೆಯ ಗಂಟೆಗಳು ಬರುತ್ತವೆ. ಹಳೆಯ ಗೆಳೆಯನ ಜೊತೆ ಆ 200 ಗಂಟೆ ಹಾಸ್ಟೆಲ್ಲಿನಲ್ಲೇ ಮುಗಿದಿದೆ.

ಹಳಬರು ಯಾರೂ ಸಿಗದಿದ್ದರೆ ವಾರಕ್ಕೊಮ್ಮೆ ಒಂದೇ ಜಾಗ, ಒಂದೇ ಹೊತ್ತು, ಅದೇ ಜನ ಸಿಗುವ ಕಡೆ ಸೇರಿಕೊಳ್ಳಿ. ಶಟಲ್ ಆಡುವ ಗುಂಪು, ಭಜನಾ ಮಂಡಳಿ, ಸ್ತ್ರೀಶಕ್ತಿ ಸಂಘ, ಹವ್ಯಾಸಿ ನಾಟಕ ತಂಡ, ಬೆಳಗಿನ ಪಾರ್ಕಿನ ಬೆಂಚು, ಯಾವುದಾದರೂ ಸರಿ. ವಾರಕ್ಕೆ ಎರಡು ಗಂಟೆಯಂತೆ ಲೆಕ್ಕ ಹಾಕಿದರೆ 50 ಮುಟ್ಟಲು ಆರು ತಿಂಗಳು, 200 ಮುಟ್ಟಲು ಹೆಚ್ಚುಕಡಿಮೆ ಎರಡು ವರ್ಷ. ಒಂದು ತಿಂಗಳು ಹೋಗಿ, ಯಾರೂ ಹತ್ತಿರವಾಗಲಿಲ್ಲ ಅಂತ ಬಿಟ್ಟುಬಿಡಬೇಡಿ.