ಉತ್ತರಕುಮಾರ ಬನ್ನಿ ಮರ ಹತ್ತಿದ್ದೇಕೆ?

ಪ್ರಶ್ನೆ: ನಾಲ್ಕು ಜನರ ಮುಂದೆ ಮಾತನಾಡಲು ನಿಂತರೆ ನನ್ನ ಕೈಕಾಲು ನಡುಗುತ್ತವೆ. ‘ಮಹಾಭಾರತ ಓದು, ಆ ಯುದ್ಧ ನಡೆಯುವುದು ನಮ್ಮೊಳಗೇ’ ಎಂದು ಹಿರಿಯರೊಬ್ಬರು ಹೇಳಿದರು. ಧರ್ಮಗ್ರಂಥವನ್ನು ಹೀಗೆ ಸಂಕೇತವಾಗಿ ಓದಿದರೆ ಭಯ ಹೋಗುತ್ತದೆಯೇ?

ಉತ್ತರ: ಹಾಗೆ ಓದುವುದು ಹೊಸದೇನಲ್ಲ. ಗೀತೆಯ ಕುರುಕ್ಷೇತ್ರವನ್ನು ಗಾಂಧೀಜಿಯೂ ಮನುಷ್ಯನ ಹೃದಯದೊಳಗಿನ ಹೋರಾಟವೆಂದೇ ಓದಿದರು. ಆದರೆ ಪಾಂಡವರೆಂದರೆ ಸದ್ಗುಣ, ಕೌರವರೆಂದರೆ ದುರ್ಗುಣ ಎಂದು ಪಟ್ಟಿ ಮಾಡುತ್ತ ಕುಳಿತರೆ ಭಯದ ಬಗ್ಗೆ ಏನೂ ತಿಳಿಯುವುದಿಲ್ಲ. ಗೀತೆಯ ಅರ್ಜುನನಿಗೂ ಬಾಯಿ ಒಣಗುತ್ತದೆ, ಗಾಂಡೀವ ಕೈಜಾರುತ್ತದೆ, ನಿಜ. ಆದರೆ ಅವನದು ಸ್ವಜನರನ್ನು ಕೊಲ್ಲಬೇಕಾದ ಸಂಕಟ. ನಿಮ್ಮದು ಬರೀ ಹೆದರಿಕೆ. ಅದಕ್ಕೆ ವಿರಾಟಪರ್ವವೇ ಸರಿ.

‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ಗೇಲಿ ಮಾಡುವುದಕ್ಕಷ್ಟೇ ನಾವು ವಿರಾಟರಾಜನ ಮಗ ಉತ್ತರಕುಮಾರನನ್ನು ಉಳಿಸಿಕೊಂಡಿದ್ದೇವೆ. ಅಂತಃಪುರದಲ್ಲಿ ಜಂಬ ಕೊಚ್ಚಿದವನು ಕೌರವ ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನೆ. ಮುಂದಿನದನ್ನು ಯಾರೂ ನೆನೆಯುವುದಿಲ್ಲ.

ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ ಅವನನ್ನು ಹಿಡಿದು ತರುತ್ತಾನೆ. ಕಾದಲೇಬೇಕೆಂದು ಒತ್ತಾಯಿಸುವುದಿಲ್ಲ. ನಿನ್ನಿಂದಾಗದಿದ್ದರೆ ಕುದುರೆಗಳನ್ನು ನಡೆಸು, ನಾನು ಕಾದುತ್ತೇನೆ ಎನ್ನುತ್ತಾನೆ. ಅದಕ್ಕೂ ಮೊದಲು ಶ್ಮಶಾನದ ಬಳಿಯ ಶಮೀವೃಕ್ಷವನ್ನು ಹತ್ತಿಸುತ್ತಾನೆ (ವಿಜಯದಶಮಿಗೆ ನಾವು ಎಲೆ ಹಂಚಿಕೊಳ್ಳುವ ಬನ್ನಿಯೇ ಅದು). ಅಜ್ಞಾತವಾಸಕ್ಕೆ ಹೊರಟಾಗ ಪಾಂಡವರು ತಮ್ಮ ಆಯುಧಗಳ ಗಂಟನ್ನು ಆ ಮರದಲ್ಲಿ ಅಡಗಿಸಿ, ಯಾರೂ ಹತ್ತಿರ ಸುಳಿಯದಿರಲೆಂದು ಅಲ್ಲಿ ಹೆಣವೊಂದನ್ನು ಕಟ್ಟಿದ್ದರು. ಹೆಣ ಮುಟ್ಟಿದರೆ ಮೈಲಿಗೆಯೆಂದು ಉತ್ತರ ಹಿಂಜರಿಯುತ್ತಾನೆ. ಹೇಗೋ ಹತ್ತಿ ಗಂಟು ಬಿಚ್ಚಿದರೆ ಒಳಗಿನ ಬಿಲ್ಲುಗಳು ಹಾವುಗಳಂತೆ ಕಾಣುತ್ತವೆ; ಮೈಯೆಲ್ಲ ರೋಮಾಂಚನ. ಮುಟ್ಟಿ ನೋಡಿ, ಇದು ಯಾರದು, ಅದು ಯಾರದು ಎಂದು ಕೇಳತೊಡಗಿದ ಮೇಲೆಯೇ ಅವುಗಳಲ್ಲಿ ಒಂದು ಗಾಂಡೀವವೆಂದು, ಎದುರಿಗಿರುವವನು ಅರ್ಜುನನೆಂದು ತಿಳಿಯುವುದು.

ಸಂಕೇತವೆಂದು ಓದುವುದಾದರೆ ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿ. ಅರ್ಜುನ ಅವನಿಗೆ ಧೈರ್ಯದ ಉಪದೇಶವನ್ನಷ್ಟೇ ಕೊಡಲಿಲ್ಲ, ಕೈಗೆ ಎರಡು ಕೆಲಸ ಕೊಟ್ಟ. ಹೆದರಿ ದೂರವಿಟ್ಟ ಗಂಟನ್ನು ಬಿಚ್ಚುವುದು ಒಂದು, ಯುದ್ಧಕ್ಕಿಂತ ಚಿಕ್ಕದಾದ ಹೊಣೆ ಹೊರುವುದು ಇನ್ನೊಂದು. ಸಭೆಯಲ್ಲಿ ಭಾಷಣ ಆಗದಿದ್ದರೆ ಸ್ವಾಗತದ ಎರಡು ಮಾತನ್ನು ಕೇಳಿ ಪಡೆಯಿರಿ. ಜನ ನಗುತ್ತಾರೆಂಬ ಭಯವಿದ್ದರೆ ಯಾರು, ಯಾವುದಕ್ಕೆ ನಗುತ್ತಾರೆಂದು ಕಾಗದದ ಮೇಲೆ ಬರೆದು ನೋಡಿ.

ಭಯ ಪೂರ್ತಿ ಹೋಗುತ್ತದೆಯೇ? ಉತ್ತರನಿಗೆ ಹೋಗಲಿಲ್ಲ. ಅರ್ಜುನ ಶಂಖ ಊದಿದ್ದೇ ತಡ, ಮತ್ತೆ ರಥದಲ್ಲಿ ಕುಸಿದು ಕೂರುತ್ತಾನೆ. ಶಂಖಗಳನ್ನು ಕೇಳಿದ್ದೇನೆ, ಇಂಥದ್ದನ್ನು ಕೇಳಿಲ್ಲ ಎನ್ನುತ್ತಾನೆ. ಗಟ್ಟಿಯಾಗಿ ನಿಲ್ಲು ಎಂದು ಹೇಳಿ ಅರ್ಜುನ ಮತ್ತೊಮ್ಮೆ ಊದುತ್ತಾನೆ. ಈ ಸಲ ಉತ್ತರ ಓಡುವುದಿಲ್ಲ.

ನಡುಕ ದಿನವೂ ಕಾಡಿ ನಿದ್ದೆ, ಊಟ, ಕೆಲಸ ಕೆಡುತ್ತಿದ್ದರೆ ಮಾತ್ರ ಯಾವ ಪರ್ವಕ್ಕೂ ಕಾಯದೆ ವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416 ಕ್ಕೂ ಕರೆ ಮಾಡಬಹುದು. ಉಳಿದಂತೆ ಕುಮಾರವ್ಯಾಸನಲ್ಲಿ ಈ ಪ್ರಸಂಗ ಓದಿ. ನಗು ಬಂದರೆ ನಕ್ಕುಬಿಡಿ, ಆದರೆ ಉತ್ತರ ಓಡಿದ ಕಡೆ ಪುಸ್ತಕ ಮುಚ್ಚಬೇಡಿ.