ಲಸಿಕೆ ಹಾಕಿಸ್ಕೊಂಡ ಮಾರನೇ ದಿನದ ಜ್ವರ ಯಾರ ಲೆಕ್ಕಕ್ಕೆ? ಆಸ್ಪತ್ರೆ ಸಿಬ್ಬಂದಿಯ ಸೂಜಿ ಮತ್ತು ರಜೆಯ ಹಿನ್ನೆಲೆ

ಕೋವಿಡ್ ಟೈಮಲ್ಲಿ ಆಸ್ಪತ್ರೆ ಸಿಬ್ಬಂದಿಗೆ ಲಸಿಕೆ ಕಡ್ಡಾಯ ಮಾಡ್ಬೇಕಾ ಬೇಡ್ವಾ ಅಂತ ಆದ ಜಗಳ ಎಲ್ರಿಗೂ ನೆನಪಿದೆ, ಕೋರ್ಟು, ಪ್ರತಿಭಟನೆ, ಸಸ್ಪೆನ್ಷನ್ ಎಲ್ಲಾ ದೊಡ್ಡ ಸುದ್ದಿ ಆಗಿತ್ತು. ಅದೇ ಜನರ ವಾರ್ಷಿಕ ರಜೆ ಆಗ ಏನಾಯ್ತು ಅಂತ ಕೇಳಿದೋರು ಕಮ್ಮಿ. ದೂರದಿಂದ ನೋಡಿದ್ರೆ ಎರಡೂ ಬೇರೆ ಬೇರೆ ವಿಷಯ ಅನ್ಸುತ್ತೆ, ಆದ್ರೆ ವಾರ್ಡಲ್ಲಿ ಡ್ಯೂಟಿ ರೋಸ್ಟರ್ ಹಾಕೋರನ್ನ ಕೇಳಿ ನೋಡಿ, ಎರಡೂ ಬಂದು ಕೂರೋದು ಒಂದೇ ಹಾಳೆ ಮೇಲೆ ಅಂತಾರೆ.

ಹಳೇ ಕಥೆ ಬೇಗ ಹೇಳಿ ಮುಗಿಸ್ತೀನಿ. ಸಾರ್ವಜನಿಕ ಆರೋಗ್ಯಕ್ಕೋಸ್ಕರ ಲಸಿಕೆ ಕಡ್ಡಾಯ ಮಾಡೋ ಅಧಿಕಾರ ಸರ್ಕಾರಕ್ಕೆ ಇದೆ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1905ರಲ್ಲೇ ಸಿಡುಬಿನ ಕೇಸಲ್ಲಿ ಹೇಳಿತ್ತು. ರಜೆ ವಿಷಯಕ್ಕೆ ಬಂದ್ರೆ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1936ರ ಒಪ್ಪಂದ ವರ್ಷಕ್ಕೆ ಕನಿಷ್ಠ 6 ದಿನ ಸಂಬಳದ ರಜೆ ಅಂದಿತ್ತು, 1970ರಲ್ಲಿ ಅದು 3 ವಾರ ಆಯ್ತು, 1977ರಲ್ಲಿ ನರ್ಸ್‌ಗಳಿಗೇ ಅಂತ ಬೇರೆ ಒಪ್ಪಂದ ಬಂತು, ಕೆಲಸದ ಗಂಟೆ, ವಾರದ ರಜೆ, ವಾರ್ಷಿಕ ರಜೆ ಇವೆಲ್ಲಾ ಉಳಿದ ಕೆಲಸಗಾರರಿಗೆ ಸಿಗೋದಕ್ಕಿಂತ ಕಮ್ಮಿ ಇರಬಾರದು ಅಂತ. ಇಷ್ಟನ್ನ ಹೇಳೋಕೆ ಒಂದು ಒಪ್ಪಂದ ಬೇಕಾಯ್ತು ಅನ್ನೋದನ್ನ ಸ್ವಲ್ಪ ಯೋಚ್ನೆ ಮಾಡಿ.

ಲಸಿಕೆಯನ್ನ ಕೆಲಸದ ಜಾಗದ ಜವಾಬ್ದಾರಿ ಅಂತ ನೋಡಿದ್ದಕ್ಕೆ ನನಗೆ ಗೊತ್ತಿರೋ ಒಳ್ಳೇ ಉದಾಹರಣೆ ಹೆಪಟೈಟಿಸ್ ಬಿ, ರಕ್ತದಿಂದ ಅಂಟೋ ಲಿವರ್ ಕಾಯಿಲೆ. ಅದರ ಲಸಿಕೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1981ರಲ್ಲಿ. ಅಲ್ಲಿನ ಕಾರ್ಮಿಕ ಸುರಕ್ಷತಾ ಇಲಾಖೆ 1991ರಲ್ಲಿ ಮಾಡಿದ ನಿಯಮದ ಪ್ರಕಾರ ರಕ್ತದ ಸಂಪರ್ಕಕ್ಕೆ ಬರೋ ಸಿಬ್ಬಂದಿಗೆ ಮಾಲೀಕರೇ ಖರ್ಚು ಹಾಕಿ, ಕೆಲಸಕ್ಕೆ ಸೇರಿದ 10 ಕೆಲಸದ ದಿನದೊಳಗೆ, ಅವರಿಗೆ ಅನುಕೂಲ ಆಗೋ ಟೈಮಲ್ಲಿ ಲಸಿಕೆ ಕೊಡಿಸ್ಬೇಕು. ಬೇಡ ಅನ್ನೋರು ಸಹಿ ಹಾಕಿ ಬೇಡ ಅನ್ನಬಹುದು, ಮುಂದೆ ಯಾವತ್ತಾದ್ರೂ ಮನಸ್ಸು ಬದಲಾದ್ರೆ ಆಗ್ಲೂ ಪುಕ್ಕಟೆ ಕೊಡ್ಲೇಬೇಕು. ಅಂದ್ರೆ ಕಡ್ಡಾಯ ಇದ್ದಿದ್ದು ಕೊಡೋರಿಗೆ.

ಫ್ಲೂ ಲಸಿಕೆ ವಿಷಯಕ್ಕೆ ಬಂದಾಗ ಲೆಕ್ಕ ತಿರುಗ್ತು. ಅದು ಪ್ರತಿ ವರ್ಷ ಹಾಕಿಸ್ಕೊಬೇಕಾದ್ದು, ಅದರ ಉದ್ದೇಶ ಸಿಬ್ಬಂದಿಯನ್ನ ಕಾಪಾಡೋದರ ಜೊತೆಗೆ ರೋಗಿಗೆ ಅಂಟದ ಹಾಗೆ ನೋಡ್ಕೊಳ್ಳೋದು. ಸಿಯಾಟಲ್‌ನ ವರ್ಜೀನಿಯಾ ಮೇಸನ್ ಆಸ್ಪತ್ರೆ 2005ರ ಹೊತ್ತಿಗೆ ಕಡ್ಡಾಯ ಮಾಡ್ತು, ಶೇ 97ಕ್ಕಿಂತ ಜಾಸ್ತಿ ಜನ ಹಾಕಿಸ್ಕೊಂಡ್ರು, ಆದ್ರೂ ನರ್ಸ್‌ಗಳ ಯೂನಿಯನ್ ಮಧ್ಯಸ್ಥಗಾರರ ಮುಂದೆ ಹೋಗಿ ಗೆದ್ದಿತು, ಕೋರ್ಟೂ ಅದನ್ನೇ ಎತ್ತಿ ಹಿಡೀತು, ನಮ್ಮ ಜೊತೆ ಮಾತಾಡದೆ ಕೆಲಸದ ಷರತ್ತು ಬದಲಾಯಿಸೋ ಹಾಗಿಲ್ಲ ಅನ್ನೋದು ಅವರ ವಾದ. 2009ರ ಎಚ್1ಎನ್1 (ಹಂದಿಜ್ವರ) ಟೈಮಲ್ಲಿ ನ್ಯೂಯಾರ್ಕ್ ರಾಜ್ಯ ಕಡ್ಡಾಯ ಅಂತು, ಕೋರ್ಟ್ ತಡೆ ಕೊಡ್ತು, ಅಷ್ಟರಲ್ಲಿ ಲಸಿಕೆಯೇ ಸಾಕಾಗ್ದೆ ರಾಜ್ಯವೇ ಆದೇಶ ಕೈಬಿಡ್ತು.

ಈಗ 2020. ಮೊದಲು ಹೋಗಿದ್ದು ರಜೆ. ಲಸಿಕೆ ಇನ್ನೂ ಲ್ಯಾಬಲ್ಲಿದ್ದಾಗ್ಲೇ ದೇಶ ದೇಶಗಳಲ್ಲಿ ಆಸ್ಪತ್ರೆಗಳು ಮಂಜೂರಾಗಿದ್ದ ರಜೆನೆಲ್ಲಾ ರದ್ದು ಮಾಡಿದ್ವು. ಅದರ ಅವಶ್ಯಕತೆ ಇರ್ಲಿಲ್ಲ ಅಂತ ನಾನು ಹೇಳಲ್ಲ, ಐಸಿಯು ತುಂಬಿದಾಗ ಬೇರೆ ದಾರಿ ಇರ್ಲಿಲ್ಲ. ಆದ್ರೆ ಲೆಕ್ಕ ನೋಡಿ. ಒಂದು ವಾರ್ಡಲ್ಲಿ 20 ಜನ ಇದ್ದಾರೆ, ತಲಾ 30 ದಿನ ರಜೆ ಅಂತ ಇಟ್ಕೊಳ್ಳಿ, ವರ್ಷಕ್ಕೆ 600 ದಿನ ಆಯ್ತು, ಅಂದ್ರೆ ಯಾವ ದಿನ ನೋಡಿದ್ರೂ ಸುಮಾರು ಒಂದೂವರೆ ಜನ ರಜೆ ಮೇಲಿದ್ರೆ ಮಾತ್ರ ವರ್ಷದ ಕೊನೆಗೆ ಲೆಕ್ಕ ಸರಿ ಹೋಗುತ್ತೆ. ನಾಲ್ಕು ತಿಂಗಳು ರಜೆ ನಿಲ್ಸಿದ್ರೆ 200 ದಿನ ಬಾಕಿ ಬೀಳುತ್ತೆ, ಮುಂದಿನ ವರ್ಷ ಅದೂ ಸೇರಿ ಕೊಡ್ಬೇಕಂದ್ರೆ ದಿನಾ ಎರಡು ಜನಕ್ಕಿಂತ ಜಾಸ್ತಿ ಹೊರಗಿರ್ಬೇಕು. ಅಷ್ಟು ಕೈ ಯಾವ ವಾರ್ಡಲ್ಲೂ ಮಿಕ್ಕಿರಲ್ಲ. ಮುಂದಕ್ಕೆ ಹಾಕಿದ ರಜೆ ತಾನಾಗೇ ಯಾವತ್ತೂ ವಾಪಸ್ ಬರಲ್ಲ, ಯಾರಾದ್ರೂ ಜನ ಸೇರಿಸಿ ಕೊಡ್ಬೇಕು.

ಇದರ ಮೇಲೆ ಕ್ವಾರಂಟೈನ್. ಕೋವಿಡ್ ವಾರ್ಡಲ್ಲಿ ಕೆಲಸ ಮಾಡಿ ಮನೆಗೆ ಹೋಗ್ದೆ ರೂಮಲ್ಲಿ ಕೂತ ದಿನಗಳನ್ನ ರಜೆ ಅಂತ ಬರೆದು ಸಂಬಳ ಹಿಡಿಯೋದಾ ಅನ್ನೋ ಪ್ರಶ್ನೆ ಭಾರತದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಯ್ತು.

2020ರ ಡಿಸೆಂಬರ್ 8ಕ್ಕೆ ಬ್ರಿಟನ್‌ನಲ್ಲಿ, 2021ರ ಜನವರಿ 16ಕ್ಕೆ ಭಾರತದಲ್ಲಿ ಲಸಿಕೆ ಶುರು ಆಯ್ತು. ಆಗ ರೋಸ್ಟರ್‌ಗೆ ಹೊಸ ತಲೆನೋವು: ಡೋಸ್ ಆದ ಮಾರನೇ ದಿನ ಜ್ವರ, ಮೈಕೈ ನೋವು, ಕೆಲವು ಲಸಿಕೆಗಳಲ್ಲಿ ಎರಡನೇ ಡೋಸಿಗೆ ಇನ್ನೂ ಜಾಸ್ತಿ. ಒಂದೇ ವಾರ್ಡಿನ ಎಲ್ರಿಗೂ ಒಂದೇ ದಿನ ಹಾಕ್ಬೇಡಿ, ಬಿಡಿಬಿಡಿಯಾಗಿ ಹಾಕಿ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಸಲಹೆ ಕೊಟ್ಟಿತ್ತು. ಸಲಹೆ ಚೆನ್ನಾಗಿದೆ, ಆದ್ರೆ ಜ್ವರದಲ್ಲಿ ಮಲಗಿದ ಆ ದಿನ ಯಾರ ಲೆಕ್ಕಕ್ಕೆ? ಡ್ಯೂಟಿನಾ, ಸಿಕ್ ಲೀವಾ, ಇಲ್ಲಾ ವಾರ್ಷಿಕ ರಜೆಯಿಂದ ಕಟ್ಟಾ? ಗುತ್ತಿಗೆ ಮೇಲೆ ಕ್ಲೀನಿಂಗ್ ಮಾಡೋರಿಗೆ, ದಿನಗೂಲಿಯವರಿಗೆ ಅದು ನೇರವಾಗಿ ಒಂದು ದಿನದ ಸಂಬಳ. ಇಂಥೋರು ಡೋಸ್ ಮುಂದಕ್ಕೆ ಹಾಕಿದ್ರೆ ಅದನ್ನ ಲಸಿಕೆ ವಿರೋಧ ಅಂತ ಕರೆಯೋದು ನನಗೆ ಯಾವತ್ತೂ ಸರಿ ಅನ್ಸಿಲ್ಲ.

ಅಮೆರಿಕದಲ್ಲಿ 2021ರ ಜೂನಲ್ಲಿ ಇದಕ್ಕೆ ನೇರ ಉತ್ತರ ಕೊಟ್ಟ ನಿಯಮ ಒಂದು ಬಂತು: ಆರೋಗ್ಯ ಸಿಬ್ಬಂದಿಗೆ ಲಸಿಕೆ ಹಾಕಿಸ್ಕೊಳ್ಳೋಕೂ, ಆಮೇಲಿನ ಅಡ್ಡ ಪರಿಣಾಮಕ್ಕೂ ಸಂಬಳ ಸಮೇತ ರಜೆ ಕೊಡ್ಬೇಕು ಅಂತ. ತಾತ್ಕಾಲಿಕ ನಿಯಮ ಅದು, ಡಿಸೆಂಬರ್ ಕೊನೆಗೆ ವಾಪಸ್ ಹೋಯ್ತು. ಸರ್ಕಾರಿ ವಿಮೆ ದುಡ್ಡು ಪಡೆಯೋ ಆಸ್ಪತ್ರೆಗಳ ಸಿಬ್ಬಂದಿಗೆ ಲಸಿಕೆ ಕಡ್ಡಾಯ ಅನ್ನೋ ನಿಯಮವನ್ನ ಮಾತ್ರ 2022ರ ಜನವರಿ 13ಕ್ಕೆ ಸುಪ್ರೀಂ ಕೋರ್ಟ್ ಉಳಿಸ್ತು, 2023ರ ತನಕ ಇತ್ತು.

ಬೇರೆ ಕಡೆನೂ ಕಡ್ಡಾಯದ ಗಾಳಿಯೇ. ಇಟಲಿ 2021ರ ಏಪ್ರಿಲಲ್ಲಿ ಕಾನೂನು ತಂತು, ಹಾಕಿಸ್ಕೊಳ್ಳದವರಿಗೆ ಬೇರೆ ಕೆಲಸ, ಇಲ್ಲಾಂದ್ರೆ ಸಂಬಳ ಇಲ್ದೆ ಸಸ್ಪೆಂಡ್. ಫ್ರಾನ್ಸಲ್ಲಿ ಸೆಪ್ಟೆಂಬರ್ 15ಕ್ಕೆ ಗಡುವು ಮುಗಿದ ತಕ್ಷಣ ಸುಮಾರು 3,000 ಜನ ಸಸ್ಪೆಂಡ್ ಆದ್ರು, ಅವರಿಗೆ ಮತ್ತೆ ಕೆಲಸಕ್ಕೆ ಬರೋ ದಾರಿ ತೆರೆದಿದ್ದು 2023ರ ಮೇನಲ್ಲಿ. ಅಷ್ಟು ಜನ ಬಿಟ್ಟ ಡ್ಯೂಟಿ ಯಾರೋ ಮಾಡ್ಲೇಬೇಕಲ್ಲ, ಲಸಿಕೆ ಹಾಕಿಸ್ಕೊಂಡು ನಿಂತವರ ರಜೆ ಮತ್ತೆ ಮುಂದಕ್ಕೆ ಹೋಗುತ್ತೆ. ಕೆನಡಾದ ಕ್ವಿಬೆಕ್ ಪ್ರಾಂತ್ಯ ಇದೇ ಭಯಕ್ಕೆ ಗಡುವನ್ನ ಅಕ್ಟೋಬರ್‌ನಿಂದ ನವೆಂಬರ್‌ಗೆ ತಳ್ಳಿ ಆಮೇಲೆ ಕೈಬಿಡ್ತು. ಇಂಗ್ಲೆಂಡಲ್ಲಿ ಮೊದಲ ಡೋಸಿಗೆ 2022ರ ಫೆಬ್ರವರಿ 3 ಕೊನೇ ದಿನ ಅಂತ ಹೇಳಿ ಜನವರಿ 31ಕ್ಕೆ ನಿಯಮ ಹಿಂದಕ್ಕೆ ತಗೊಳ್ತೀವಿ ಅಂದ್ರು, ಅಷ್ಟೊತ್ತಿಗೆ ಓಮಿಕ್ರಾನ್ ಬಂದಿತ್ತು, ತೀವ್ರ ಕಾಯಿಲೆ ತಡೆಯೋದರಲ್ಲಿ ಲಸಿಕೆ ಗಟ್ಟಿ ಇದ್ರೂ ಸೋಂಕು ಹರಡೋದನ್ನ ತಡೆಯೋ ಬಲ ಕಮ್ಮಿ ಆಗಿತ್ತು, ರೋಗಿಗೆ ಅಂಟ್ಸಬಾರದು ಅನ್ನೋ ವಾದ ಹಳೇ ತೂಕದಲ್ಲಿ ಉಳೀಲಿಲ್ಲ.

ರಜೆ ಬಾಕಿಗೆ ಬ್ರಿಟನ್ ಒಂದು ಕಾನೂನು ಮಾಡಿತ್ತು ಅನ್ನೋದನ್ನೂ ಹೇಳ್ಬೇಕು. 2020ರ ಮಾರ್ಚಲ್ಲೇ, ಕೋವಿಡ್‌ನಿಂದಾಗಿ ತಗೊಳ್ಳೋಕೆ ಆಗದ ರಜೇಲಿ 4 ವಾರದ ತನಕ ಮುಂದಿನ ಎರಡು ರಜಾ ವರ್ಷಕ್ಕೆ ಒಯ್ಯಬಹುದು ಅಂತ. ಲ್ಯಾಪ್ಸ್ ಆಗ್ದೆ ಉಳೀತು, ಅದು ಸಣ್ಣ ಮಾತಲ್ಲ. ಆದ್ರೆ ಒಯ್ಯಬಹುದು ಅಂದ್ರೆ ಆ ಎರಡು ವರ್ಷದಲ್ಲಿ ವಾರ್ಡಿಗೆ ಜಾಸ್ತಿ ಜನ ಬರ್ತಾರೆ ಅಂತ ಎಲ್ಲೂ ಬರೆದಿರ್ಲಿಲ್ಲ. ಕೊನೆಗೆ ಆ ಅವಕಾಶಾನೂ ತೆಗೆದ್ರು, ಉಳಿದ ಕೋವಿಡ್ ರಜೆನ 2024ರ ಮಾರ್ಚ್ 31ರೊಳಗೆ ಮುಗಿಸ್ಬೇಕು ಅಂತ ದಿನ ಗೊತ್ತು ಮಾಡಿ.